ಹಾಡಿಗೊಂದು ಮುಖಪುಟ: ಅಕ್ಷರ ಮೊದಲು, ಚಿತ್ರ ಆಮೇಲೆ



ನಮ್ಮವರಲ್ಲಿ ಹಾಡುವವರಿಗೇನೂ ಕೊರತೆಯಿಲ್ಲ. ಯುಗಾದಿ ಇರಲಿ, ಗಣೇಶನ ಹಬ್ಬ ಇರಲಿ, ರಾಜ್ಯೋತ್ಸವ ಇರಲಿ, ಮೈಕ್ ಹಿಡಿಯಲು ಐದು ವರ್ಷದ ಪುಟಾಣಿಯಿಂದ ಹಿಡಿದು ಊರಿನಿಂದ ಬಂದ ಅಜ್ಜಿಯವರೆಗೆ ಎಲ್ಲರೂ ಸಿದ್ಧ. ಈಗಂತೂ ಒಂದು ಒಳ್ಳೆಯ ಮೈಕ್, ಒಂದು ಲ್ಯಾಪ್‌ಟಾಪ್ ಇದ್ದರೆ ಮನೆಯ ಬೇಸ್‌ಮೆಂಟ್‌ನಲ್ಲೇ ರೆಕಾರ್ಡಿಂಗ್ ಮುಗಿಯುತ್ತದೆ. ಅದನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗಳಿಗೆ ತಲುಪಿಸುವ ಕಂಪನಿಗಳೂ ಇವೆ. ಆದರೆ ಒಂದು ವಿಚಿತ್ರ ನೋಡಿ. ಹಾಡಿಗೆ ಆರು ತಿಂಗಳ ಅಭ್ಯಾಸ, ತಬಲಾ ಶ್ರುತಿ ಮಾಡಲು ಒಂದು ಗಂಟೆ, ಮುಖಪುಟಕ್ಕೆ ಮಾತ್ರ ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ಹತ್ತೇ ಹತ್ತು ನಿಮಿಷ! "ಯಾವುದಾದರೂ ಒಂದು ಫೋಟೊ ಹಾಕಿ ಕಳಿಸಿಬಿಡಿ" ಅನ್ನುವುದು ನಮ್ಮಲ್ಲಿ ಸಾಮಾನ್ಯ.

ಹಾಡು ಚೆನ್ನಾಗಿದ್ದರೆ ಸಾಲದೇ, ಕವರ್ ಯಾರು ನೋಡುತ್ತಾರೆ ಅಂತ ನೀವು ಕೇಳಬಹುದು. ಆನ್‌ಲೈನ್ ಅಂಗಡಿಗಳಲ್ಲಿ ನಮ್ಮ ಹಾಡುಗಳ ಹೆಸರು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ. ಹುಡುಕುವವರಿಗೆ ಅನುಕೂಲವಾಗಲಿ ಅಂತ ನಾವೇ ಹಾಗೆ ತುಂಬಿಸಿರುತ್ತೇವೆ. ಅಲ್ಲಿಗೆ ಇಡೀ ಆಲ್ಬಮ್‌ನಲ್ಲಿ ಕನ್ನಡ ಲಿಪಿಗೆ ಉಳಿಯುವುದು ಒಂದೇ ಜಾಗ, ಆ ಚೌಕದ ಮುಖಪುಟ. ಇಲ್ಲಿ ಹುಟ್ಟಿ ಬೆಳೆಯುತ್ತಿರುವ ಮಗು ತಾನು ಹಾಡಿದ ಹಾಡಿನ ಹೆಸರನ್ನು ಕನ್ನಡದಲ್ಲಿ ಓದಬಹುದಾದ ಜಾಗವೂ ಅದೇ. ಅಲ್ಲೇ ಅಕ್ಷರ ಒಡೆದು, ಒತ್ತಕ್ಷರ ಕಳಚಿ ಬಿದ್ದಿದ್ದರೆ? ಆದ್ದರಿಂದ ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಕನ್ನಡ ಆಲ್ಬಮ್‌ನ ಮುಖಪುಟ ಮಾಡುವಾಗ ಮೊದಲು ಅಕ್ಷರ, ಆಮೇಲೆ ಚಿತ್ರ. ಇದಕ್ಕೆ ಬೇಕಾದ ತಂತ್ರವೆಲ್ಲ ಫೋಟೊಶಾಪ್‌ನಲ್ಲೂ ಇದೆ, ಕಾಸಿಲ್ಲದೆ ಸಿಗುವ ಗಿಂಪ್‌ನಲ್ಲೂ ಇದೆ.

ಹನ್ನೆರಡು ಇಂಚಿನಿಂದ ಹೆಬ್ಬೆರಳ ಉಗುರಿನವರೆಗೆ

ಮೊದಲು ಸ್ವಲ್ಪ ಇತಿಹಾಸ. 'ಆಲ್ಬಮ್' ಅನ್ನುವ ಹೆಸರು ಬಂದದ್ದು ನಿಜವಾದ ಆಲ್ಬಮ್‌ನಿಂದಲೇ. 78 ಆರ್‌ಪಿಎಂ ಪ್ಲೇಟುಗಳ ಕಾಲದಲ್ಲಿ ಒಂದು ಬದಿಗೆ ಮೂರು-ನಾಲ್ಕು ನಿಮಿಷದ ಸಂಗೀತ ಮಾತ್ರ ಹಿಡಿಸುತ್ತಿತ್ತು. ದೊಡ್ಡ ಕೃತಿಯಾದರೆ ನಾಲ್ಕಾರು ಪ್ಲೇಟು ಬೇಕು. ಅವನ್ನು ಫೋಟೊ ಆಲ್ಬಮ್‌ನ ಹಾಗೆ ಹಾಳೆ ಹಾಳೆಯಾಗಿ ಚೀಲ ಹೊಲಿದ ರಟ್ಟಿನ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಹೊರಗಿನ ರಟ್ಟು ಬೋಳು, ಅದರ ಮೇಲೆ ಹೆಸರು ಮಾತ್ರ. ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್‌ನಲ್ಲಿ ಕೆಲಸಕ್ಕಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ 1940ರ ಸುಮಾರಿಗೆ ಆ ರಟ್ಟಿನ ಮೇಲೆ ಚಿತ್ರ ಬರೆಸಲು ಕಂಪನಿಯನ್ನು ಒಪ್ಪಿಸಿದ. ಇವತ್ತಿನ ಆಲ್ಬಮ್ ಕವರ್ ಕಲೆಯ ಮೂಲ ಪುರುಷ ಅಂತ ಅವನನ್ನೇ ಕರೆಯುತ್ತಾರೆ. 1948ರಲ್ಲಿ ಅದೇ ಕೊಲಂಬಿಯಾ ಎಲ್‌ಪಿ ತಂದಿತು. ಹನ್ನೆರಡು ಇಂಚಿನ ಪ್ಲೇಟು, ಅದಕ್ಕೆ ಸರಿಯಾದ ದೊಡ್ಡ ಚೌಕದ ಹೊದಿಕೆ. ಚಿತ್ರಕಾರರಿಗೆ ಹಬ್ಬ!

1967ರಲ್ಲಿ ಬಂದ ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್' ಕವರ್ ನೀವು ನೋಡಿರಬಹುದು. ಡಜನ್‌ಗಟ್ಟಲೆ ಮುಖಗಳ ಜಾತ್ರೆ ಅದು. ಹನ್ನೆರಡು ಇಂಚಿನ ರಟ್ಟನ್ನು ಕೈಯಲ್ಲಿ ಹಿಡಿದು ಒಂದೊಂದೇ ಮುಖ ಹುಡುಕುತ್ತಾ ಅರ್ಧ ಗಂಟೆ ಕಳೆಯಬಹುದು. 1973ರ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಇದಕ್ಕೆ ತದ್ವಿರುದ್ಧ. ಕಪ್ಪು ಹಿನ್ನೆಲೆ, ಒಂದು ತ್ರಿಕೋನದ ಗಾಜು, ಅದರಿಂದ ಹೊರಡುವ ಬಣ್ಣದ ಪಟ್ಟಿ, ಅಷ್ಟೇ. ಈ ಎರಡನ್ನೂ ಇವತ್ತು ಫೋನಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಬಣ್ಣದ ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ, ಎರಡನೆಯದು ಇಷ್ಟು ದೂರದಿಂದಲೇ ಗುರುತು ಸಿಗುತ್ತದೆ.

ನಮ್ಮ ಕನ್ನಡದ ಕಥೆಯೂ ಹೀಗೇ ಕುಗ್ಗುತ್ತಾ ಬಂತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ಕೊಟ್ಟ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ ಆಗಿ ಬಂದ ಮೇಲೆ ಭಾವಗೀತೆಗಳು ಮನೆಮನೆಗೆ ಹೋದದ್ದು ಕ್ಯಾಸೆಟ್ಟಿನ ಮೂಲಕವೇ. ಕ್ಯಾಸೆಟ್ ಕವರಿನ ಮುಂಭಾಗ ಸುಮಾರು ನಾಲ್ಕು ಇಂಚು ಎತ್ತರ, ಎರಡೂವರೆ ಇಂಚು ಅಗಲ. ಅಷ್ಟರಲ್ಲೇ ಕವಿ, ಸಂಗೀತ ನಿರ್ದೇಶಕರು, ಗಾಯಕರು ಎಲ್ಲರೂ ಹಿಡಿಸಬೇಕು. ಆಮೇಲೆ ಬಂದ ಸಿಡಿಯ ಪುಸ್ತಿಕೆ 4.75 ಇಂಚಿನ ಚೌಕ. ಈಗ? ಫೋನಿನ ಹಾಡಿನ ಪಟ್ಟಿಯಲ್ಲಿ ನಿಮ್ಮ ಮುಖಪುಟಕ್ಕೆ ಸಿಗುವುದು ಹೆಬ್ಬೆರಳಿನ ಉಗುರಿನಷ್ಟು ಜಾಗ. ಈ ಉಗುರಿನ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಲಸ ಶುರು ಮಾಡಬೇಕು.

ನಮ್ಮ ಉದಾಹರಣೆ

ಬರೀ ಸಿದ್ಧಾಂತ ಹೇಳಿದರೆ ತಲೆಗೆ ಹತ್ತುವುದಿಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕನ್ನಡ ಶಾಲೆಯ ಹನ್ನೆರಡು ಮಕ್ಕಳು ಎಂಟು ದಾಸರ ಪದಗಳನ್ನು ಹಾಡಿದ್ದಾರೆ ಅಂದುಕೊಳ್ಳಿ. ಆಲ್ಬಮ್ ಹೆಸರು 'ಕಿರುಗೆಜ್ಜೆ'. ಕೆಳಗೆ ಒಂದು ಸಣ್ಣ ಸಾಲು, 'ಮಕ್ಕಳು ಹಾಡಿದ ದಾಸರ ಪದಗಳು'.

ಮುಖಪುಟದ ಮಾತು ಬಂದ ಕೂಡಲೇ ಮೊದಲ ಸಲಹೆ ಏನಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಹನ್ನೆರಡೂ ಮಕ್ಕಳ ಫೋಟೊ ಹಾಕಬೇಕು! ತಂದೆ ತಾಯಿಯರ ಆಸೆ ಸಹಜವೇ. ಆದರೆ ಲೆಕ್ಕ ಹಾಕಿ. ಉಗುರಿನಷ್ಟು ಚೌಕದಲ್ಲಿ ಹನ್ನೆರಡು ಮುಖ ಅಂದರೆ ಒಬ್ಬೊಬ್ಬರಿಗೆ ಎಳ್ಳು ಕಾಳಿನಷ್ಟು ಜಾಗ. ಯಾರ ಮಗುವೂ ಕಾಣುವುದಿಲ್ಲ, ಹೆಸರೂ ಕಾಣುವುದಿಲ್ಲ. ಇನ್ನೊಂದು ವಿಷಯವೂ ಇದೆ. ಅಂತರ್ಜಾಲದ ಅಂಗಡಿಗೆ ಹೋದ ಮಗುವಿನ ಮುಖ ಎಷ್ಟೆಲ್ಲ ಕಡೆ ನಕಲಾಗುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಆದ್ದರಿಂದ ಗುಂಪಿನ ಫೋಟೊ ಸಿಡಿಯ ಒಳಪುಟಕ್ಕೆ ಇರಲಿ, ಅದೂ ಪ್ರತಿಯೊಬ್ಬರ ಮನೆಯವರ ಒಪ್ಪಿಗೆ ಪಡೆದು. ಮುಂದೆ ಕೆಂಪು ಬಟ್ಟೆಯ ಮೇಲೆ ಒಂದು ಜೊತೆ ಪುಟ್ಟ ಹಿತ್ತಾಳೆ ಗೆಜ್ಜೆ ಸಾಕು. ಅದು ಹನ್ನೆರಡು ಮಕ್ಕಳಿಗೂ ಸೇರಿದ್ದು.

ಅಳತೆ ಮೊದಲು ಗೊತ್ತಿರಲಿ

ಹಾಡುಗಳನ್ನು ಅಂಗಡಿಗಳಿಗೆ ತಲುಪಿಸುವ ಹೆಚ್ಚಿನ ಕಂಪನಿಗಳು ಕೇಳುವುದು 3000 x 3000 ಪಿಕ್ಸೆಲ್‌ನ ಚೌಕ, ಆರ್‌ಜಿಬಿ ಬಣ್ಣ, ಜೆಪೆಗ್ ಅಥವಾ ಪಿಎನ್‌ಜಿ ಕಡತ. ಫೈಲ್ ಮೆನುವಿನಲ್ಲಿ 'ನ್ಯೂ' ಒತ್ತಿ ಇದೇ ಅಳತೆ ಕೊಡಿ. ಪಕ್ಕದಲ್ಲಿ ರೆಸಲ್ಯೂಶನ್ 72 ಬೇಕೋ 300 ಬೇಕೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಪರದೆಗೆ ಬೇಕಾದದ್ದು ಪಿಕ್ಸೆಲ್ ಲೆಕ್ಕ ಮಾತ್ರ. 3000 ಪಿಕ್ಸೆಲ್ ಅಂದರೆ 3000 ಪಿಕ್ಸೆಲ್ಲೇ.

ಸಿಡಿ ಅಚ್ಚು ಹಾಕಿಸುವುದಾದರೆ ಮಾತ್ರ ಆ 300ರ ಪ್ರಶ್ನೆ ಬರುತ್ತದೆ. 4.75 ಇಂಚಿನ ಪುಟಕ್ಕೆ ನಾಲ್ಕೂ ಬದಿಗೆ ಎಂಟನೇ ಒಂದು ಇಂಚು 'ಬ್ಲೀಡ್' ಬಿಡಬೇಕು. ಅಂದರೆ ಕತ್ತರಿಸುವ ಯಂತ್ರ ಕೂದಲೆಳೆಯಷ್ಟು ಆಚೀಚೆ ಹೋದರೂ ಅಂಚಿನಲ್ಲಿ ಬಿಳಿ ಗೆರೆ ಕಾಣದ ಹಾಗೆ ಚಿತ್ರವನ್ನು ಹೊರಗೆ ಚಾಚುವುದು. ಒಟ್ಟು 5 ಇಂಚು. ಇಂಚಿಗೆ 300ರಂತೆ 1500 ಪಿಕ್ಸೆಲ್. ಇದರ ಅರ್ಥ, ಮೊದಲು 3000ದ ಕಡತ ಮಾಡಿ ಆಮೇಲೆ ಸಿಡಿಗೆ ಕುಗ್ಗಿಸಿ. 1500ರಲ್ಲಿ ಮಾಡಿ 3000ಕ್ಕೆ ಹಿಗ್ಗಿಸಿದರೆ ಹಿಟ್ಟಿಗೆ ನೀರು ಹೆಚ್ಚು ಹುಯ್ದ ದೋಸೆಯಂತೆ, ಅಗಲ ಸಿಗುತ್ತದೆ, ಗಟ್ಟಿತನ ಇರುವುದಿಲ್ಲ! ಅಕ್ಷರಗಳನ್ನು ಅಂಚಿನಿಂದ 200 ಪಿಕ್ಸೆಲ್ ಒಳಗೇ ಇಡಿ. ಕತ್ತರಿಗೂ ಸಿಗುವುದಿಲ್ಲ, ಕಣ್ಣಿಗೂ ಹಿತ.

ಅಕ್ಷರ ಏಕೆ ಒಡೆಯುತ್ತದೆ?

ಈಗ ಮುಖ್ಯ ವಿಷಯ. ಖಾಲಿ ಚೌಕದ ಮೇಲೆ ಚಿತ್ರ ಹಾಕುವ ಮೊದಲೇ 'ಕಿರುಗೆಜ್ಜೆ' ಅಂತ ಬರೆದು ನೋಡಿ. 'ಜ್ಜೆ' ಒಂದೇ ಅಕ್ಷರವಾಗಿ ಒತ್ತಿನ ಸಮೇತ ಬಂತೋ, ಅಥವಾ ಜ, ಅದರ ಪಕ್ಕ ಒಂದು ಕೊಂಬು, ಅದರ ಪಕ್ಕ ಇನ್ನೊಂದು ಜ ಅಂತ ಸಾಲಾಗಿ ನಿಂತಿತೋ?

ಕಾರಣ ತಿಳಿದರೆ ಪರಿಹಾರ ಸುಲಭ. ಯೂನಿಕೋಡ್‌ನಲ್ಲಿ ಕಂಪ್ಯೂಟರು ಕನ್ನಡವನ್ನು ನಾವು ಉಚ್ಚರಿಸುವ ಕ್ರಮದಲ್ಲಿ ಬಿಡಿಬಿಡಿಯಾಗಿ ಇಟ್ಟುಕೊಳ್ಳುತ್ತದೆ. 'ಕೀರ್ತನೆ' ಎಂಬ ಪದದಲ್ಲಿ ಮೊದಲು ರ, ಆಮೇಲೆ ವಿರಾಮ ಚಿಹ್ನೆ, ಆಮೇಲೆ ತ. ಆದರೆ ಬರೆಯುವಾಗ ಅರ್ಕಾವತ್ತು ತಕಾರದ ನಂತರ ಬರಬೇಕು. ಹೀಗೆ ಜೋಡಿಸಿ, ಹಿಂದೆ ಮುಂದೆ ಮಾಡಿ, ಒತ್ತನ್ನು ಕೆಳಗಿಳಿಸಿ ಬರೆಯುವ ಕೆಲಸ ತಂತ್ರಾಂಶದೊಳಗಿನ ಅಕ್ಷರ ಜೋಡಿಸುವ ಎಂಜಿನ್‌ನದು. ಇಂಗ್ಲಿಷಿಗೆ ಈ ಕಷ್ಟವಿಲ್ಲ, ಮಣಿ ಪೋಣಿಸಿದಂತೆ ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ಫೋಟೊಶಾಪ್‌ನ ಹಳೆಯ ಆವೃತ್ತಿಗಳು ಈ ಮಣಿ ಪೋಣಿಸುವ ಕೆಲಸ ಮಾತ್ರ ಬಲ್ಲವು. ಅದಕ್ಕೇ ಬಹಳ ವರ್ಷ ನಮ್ಮ ವಿನ್ಯಾಸಕಾರರು ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟ್‌ಗಳನ್ನು ನಂಬಿಕೊಂಡಿದ್ದರು. ಅಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವೂ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂತಿರುತ್ತವೆ, ಆದ್ದರಿಂದ ಜೋಡಿಸುವ ಎಂಜಿನ್ ಬೇಕಾಗುವುದಿಲ್ಲ. ತೊಂದರೆ ಏನೆಂದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬಾಡಿಗೆದಾರ ಮಾಯ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ!

ಈಗ ಅಂಥ ಸರ್ಕಸ್ ಬೇಕಿಲ್ಲ.

1. ಫೋಟೊಶಾಪ್‌ನ ಈಚಿನ ಆವೃತ್ತಿಗಳಲ್ಲಿ ಪ್ಯಾರಾಗ್ರಾಫ್ ಫಲಕದ ಮೂಲೆಯ ಮೆನು ತೆರೆದು 'ವರ್ಲ್ಡ್-ರೆಡಿ ಲೇಔಟ್' ಆರಿಸಿ. ಅದು ಕಾಣದಿದ್ದರೆ ಪ್ರಿಫರೆನ್ಸಸ್‌ನ 'ಟೈಪ್' ಭಾಗದಲ್ಲಿ 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಎಂಬ ಆಯ್ಕೆ ಇದೆಯೇ ನೋಡಿ. ಬದಲಾಯಿಸಿದ ಮೇಲೆ ಹೊಸ ಕಡತದಲ್ಲಿ ಪ್ರಯತ್ನಿಸಿ.

2. ಗಿಂಪ್‌ನಲ್ಲಿ ಯಾವ ಸೆಟ್ಟಿಂಗೂ ಬೇಡ. ಅದರ ಅಕ್ಷರ ಜೋಡಣೆಯ ಎಂಜಿನ್ ಭಾರತೀಯ ಲಿಪಿಗಳನ್ನು ಬಲ್ಲದು. ಯೂನಿಕೋಡ್ ಕನ್ನಡ ಅಂಟಿಸಿದರೆ ಸರಿಯಾಗಿಯೇ ಬರುತ್ತದೆ.

3. ನಿಮ್ಮಲ್ಲಿರುವುದು ಹಳೆಯ ಫೋಟೊಶಾಪ್ ಆದರೆ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಹೆಸರು ಬರೆದು, 'ಆಬ್ಜೆಕ್ಟ್ ಟು ಪಾಥ್' ಒತ್ತಿ, ಪಿಡಿಎಫ್ ಮಾಡಿ ಫೋಟೊಶಾಪ್‌ನಲ್ಲಿ ತೆರೆಯಿರಿ. ಆಗ ಅದು ಅಕ್ಷರವಲ್ಲ, ಆಕಾರ. ಆಕಾರ ಒಡೆಯುವುದಿಲ್ಲ.

ಪರೀಕ್ಷೆಗೆ ನಾನು ಇಟ್ಟುಕೊಂಡಿರುವ ಪದಗಳು ನಾಲ್ಕು: ಕೀರ್ತನೆ, ಸ್ತ್ರೀ, ರಾಷ್ಟ್ರ, ಜ್ಞಾನ. ಈ ನಾಲ್ಕೂ ಸರಿ ಬಂದರೆ ಉಳಿದದ್ದು ಬರುತ್ತದೆ. ಕೊನೆಯ ಕಡತವನ್ನು ಕನ್ನಡ ಚೆನ್ನಾಗಿ ಓದಬಲ್ಲ ಇನ್ನೊಬ್ಬರಿಗೆ ತೋರಿಸಿ. ಅಚ್ಚಿನವರಿಗೆ ಕನ್ನಡ ಬಾರದು, ಒಡೆದ ಅಕ್ಷರವೂ ಅವರ ಕಣ್ಣಿಗೆ ಸುಂದರವೇ.

ಫಾಂಟ್ ಆರಿಸುವುದು

ಕನ್ನಡಕ್ಕೆ ಫಾಂಟೇ ಇಲ್ಲ ಅನ್ನುವ ಕಾಲ ಹೋಯಿತು. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ, ಅಕಾಯ ಕನಡಕ ಮುಂತಾದವು ಉಚಿತವಾಗಿ ಸಿಗುತ್ತವೆ. ಮುಕ್ತ ಲೈಸೆನ್ಸ್ ಇರುವುದರಿಂದ ಆಲ್ಬಮ್ ಮಾರಾಟ ಮಾಡಿದರೂ ಅಡ್ಡಿಯಿಲ್ಲ. ಮಕ್ಕಳ 'ಕಿರುಗೆಜ್ಜೆ'ಗೆ ದುಂಡು ದುಂಡಾದ ಬಲೂ ತಮ್ಮ ಚೆನ್ನಾಗಿ ಹೊಂದುತ್ತದೆ. ಗಂಭೀರವಾದ ವಚನ ಗಾಯನಕ್ಕೆ ತಿರೊ ಕನ್ನಡದಂಥದ್ದು ಒಪ್ಪುತ್ತದೆ. ಒಂದು ಮುಖಪುಟಕ್ಕೆ ಎರಡು ಫಾಂಟ್ ಸಾಕು. ಮೂರನೆಯದು ಬಂದರೆ ಮದುವೆ ಮನೆಯ ಫ್ಲೆಕ್ಸ್ ಬೋರ್ಡ್ ಆಗುತ್ತದೆ.

ಕನ್ನಡ ಅಕ್ಷರಕ್ಕೆ ಅದರದೇ ಸ್ವಭಾವವಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಹೇಳಿದ ಸೂತ್ರ ಇಲ್ಲಿ ನಡೆಯದು. ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಎರಡು ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯಬಾರದು. ಹಾಗೆಯೇ 'ಫಾಕ್ಸ್ ಬೋಲ್ಡ್', ಅಂದರೆ ತಂತ್ರಾಂಶ ಬಲವಂತವಾಗಿ ದಪ್ಪ ಮಾಡುವ ಗುಂಡಿ, ಅದನ್ನು ಮುಟ್ಟಲೇಬೇಡಿ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ವ್ಯತ್ಯಾಸ ಇರುವುದು ಕೆಳಗಿನ ಒಂದು ಪುಟ್ಟ ಸೀಳಿನಲ್ಲಿ. ಬಲವಂತದ ದಪ್ಪದಲ್ಲಿ ಆ ಸೀಳು ಮುಚ್ಚಿ ಹೋಗಿ ಮಹಾಪ್ರಾಣವೇ ಹಾರಿಹೋಗುತ್ತದೆ! ದಪ್ಪ ಬೇಕಿದ್ದರೆ ಅದೇ ಫಾಂಟಿನ ನಿಜವಾದ ದಪ್ಪ ಆವೃತ್ತಿ ಬಳಸಿ. ಸಿಡಿಯ ಬೆನ್ನಿನ ಮೇಲೆ ಹೆಸರು ಬರೆಯುವಾಗಲೂ ಅಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸುವ ಬದಲು ಇಡೀ ಸಾಲನ್ನು ತಿರುಗಿಸಿ. ಜೋಡಿಸಲೇಬೇಕೆಂದರೆ ಕಿ, ರು, ಗೆ, ಜ್ಜೆ ಎಂದು ಅಕ್ಷರ ಪೂರ್ತಿಯಾಗಿ ಇರಲಿ.

ಫೋಟೊ ತೆಗೆಯುವುದು

ಅಕ್ಷರದ ಜಾಗ ಗೊತ್ತಾದ ಮೇಲೆ ಫೋಟೊ. ಕೆಂಪು ರೇಷ್ಮೆ ಬಟ್ಟೆಯನ್ನು ಕಿಟಕಿಯ ಪಕ್ಕ ಹಾಸಿ. ಬಿಸಿಲು ನೇರವಾಗಿ ಬೀಳಬಾರದು, ಮೋಡದ ದಿನವಾದರೆ ಇನ್ನೂ ಒಳ್ಳೆಯದು. ಮನೆಯ ದೀಪ ಆರಿಸಿ, ಇಲ್ಲದಿದ್ದರೆ ಎರಡು ಬಗೆಯ ಬೆಳಕು ಬೆರೆತು ಬಣ್ಣ ಕೆಡುತ್ತದೆ. ಗೆಜ್ಜೆಯನ್ನು ಚೌಕದ ಕೆಳಗಿನ ಅರ್ಧದಲ್ಲಿಟ್ಟು ಮೇಲಿನ ಅರ್ಧ ಬರೀ ಬಟ್ಟೆ ಇರಲಿ. ಅದೇ ಹೆಸರಿನ ಜಾಗ. ಚಿತ್ರ ತುಂಬಿಸಿಬಿಟ್ಟು ಆಮೇಲೆ ಅಕ್ಷರಕ್ಕೆ ಜಾಗ ಹುಡುಕುವುದು, ಬಸ್ಸು ತುಂಬಿದ ಮೇಲೆ ಸೀಟು ಹುಡುಕಿದ ಹಾಗೆ.

ಕ್ಯಾಮರಾ ಯಾವುದಾದರೂ ಆದೀತು. 12 ಮೆಗಾಪಿಕ್ಸೆಲ್‌ನ ಫೋನ್ ಫೋಟೊ ಸುಮಾರು 4000 x 3000 ಪಿಕ್ಸೆಲ್ ಇರುತ್ತದೆ. ಚೌಕವಾಗಿ ಕತ್ತರಿಸಿದರೆ ಸರಿಯಾಗಿ ನಮಗೆ ಬೇಕಾದ 3000 x 3000! ಆದರೆ ಫೋನಿನಿಂದ ಲ್ಯಾಪ್‌ಟಾಪಿಗೆ ವಾಟ್ಸಾಪ್ ಮೂಲಕ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿ, ಇಲ್ಲವೇ ತಂತಿ ಜೋಡಿಸಿ.

ಅಂತರ್ಜಾಲದಲ್ಲಿ ಸಿಕ್ಕಿದ ಕೃಷ್ಣನ ಚಿತ್ರ ಹಾಕಬಹುದೇ ಎಂದು ಕೇಳುವವರಿದ್ದಾರೆ. ಸಿಕ್ಕಿದ್ದೆಲ್ಲ ನಮ್ಮದಲ್ಲ. ಫೋಟೊಗ್ರಾಫರ ಅಥವಾ ಕಲಾವಿದರ ಅನುಮತಿ ಬೇಕು. ಹಳೆಯ ಚಿತ್ರವೇ ಬೇಕೆಂದರೆ 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಚಿತ್ರಗಳು ಹಕ್ಕುಸ್ವಾಮ್ಯದ ಅವಧಿ ದಾಟಿವೆ.

ಪದರ ಮತ್ತು ಮುಸುಕು

ಫೋಟೊಶಾಪ್ 1990ರಲ್ಲಿ ಬಂದರೂ 'ಲೇಯರ್' ಅಂದರೆ ಪದರಗಳು ಅದಕ್ಕೆ ಸೇರಿದ್ದು 1994ರ ಮೂರನೇ ಆವೃತ್ತಿಯಲ್ಲಿ. ಇದೊಂದು ಅರ್ಥವಾದರೆ ಅರ್ಧ ವಿದ್ಯೆ ಬಂದ ಹಾಗೆ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಊಹಿಸಿ. ಕೆಳಗಿನ ಹಾಳೆಯಲ್ಲಿ ಬಟ್ಟೆ ಮತ್ತು ಗೆಜ್ಜೆ, ಅದರ ಮೇಲೆ ಬೆಳಕಿನ ತಿದ್ದುಪಡಿ, ಅದರ ಮೇಲೆ ನೆರಳು, ಎಲ್ಲಕ್ಕಿಂತ ಮೇಲೆ ಹೆಸರು. ಒಂದನ್ನು ಬದಲಾಯಿಸಿದರೆ ಇನ್ನೊಂದು ಕೆಡುವುದಿಲ್ಲ. ಪ್ರತಿ ಪದರಕ್ಕೂ ಹೆಸರಿಡಿ. 'ಲೇಯರ್ 17 ಕಾಪಿ 2' ಏನೆಂದು ಮಾರನೇ ದಿನ ಬ್ರಹ್ಮನಿಗೂ ನೆನಪಿರುವುದಿಲ್ಲ.

'ಮಾಸ್ಕ್' ಅಂದರೆ ಮುಸುಕು. ನಮ್ಮ ರಂಗೋಲಿ ಅಚ್ಚು ನೋಡಿದ್ದೀರಲ್ಲ? ತೂತು ಇರುವ ಕಡೆ ಪುಡಿ ಬೀಳುತ್ತದೆ, ಇಲ್ಲದ ಕಡೆ ಬೀಳುವುದಿಲ್ಲ. ಮುಸುಕಿನಲ್ಲಿ ಬಿಳಿ ಇರುವ ಕಡೆ ಆ ಪದರ ಕಾಣುತ್ತದೆ, ಕಪ್ಪು ಇರುವ ಕಡೆ ಮರೆಯಾಗುತ್ತದೆ, ಬೂದು ಇದ್ದರೆ ಅರ್ಧಂಬರ್ಧ. ಬಟ್ಟೆಯ ಅಂಚಿನಲ್ಲಿ ಬೇಡದ ಮೇಜು ಕಾಣಿಸುತ್ತಿದ್ದರೆ ರಬ್ಬರಿನಿಂದ ಅಳಿಸಬೇಡಿ, ಮುಸುಕು ಹಾಕಿ ಕಪ್ಪು ಕುಂಚ ಎಳೆಯಿರಿ. ಅಳಿಸಿದ್ದು ಹೋಯಿತು, ಮುಚ್ಚಿದ್ದು ಮತ್ತೆ ತೆರೆಯಬಹುದು.

ಬೆಳಕು ತಿದ್ದಲು 'ಲೆವೆಲ್ಸ್' ಸಾಕು. ಅಲ್ಲಿ ಗುಡ್ಡದ ಆಕಾರದ ನಕ್ಷೆಯೊಂದು ಕಾಣುತ್ತದೆ. ಎಡಗಡೆ ಕತ್ತಲು, ಬಲಗಡೆ ಬೆಳಕು. ಗುಡ್ಡ ಶುರುವಾಗುವ ಕಡೆಗೆ ಎಡಗಡೆಯ ತ್ರಿಕೋನವನ್ನೂ, ಮುಗಿಯುವ ಕಡೆಗೆ ಬಲಗಡೆಯದನ್ನೂ ಎಳೆಯಿರಿ. ಮಂಕಾಗಿದ್ದ ಹಿತ್ತಾಳೆ ಹುಣಸೆಹಣ್ಣು ಹಾಕಿ ತಿಕ್ಕಿದಂತೆ ಹೊಳೆಯುತ್ತದೆ! ಫೋಟೊಶಾಪ್‌ನಲ್ಲಿ ಇದನ್ನು 'ಅಡ್ಜಸ್ಟ್‌ಮೆಂಟ್ ಲೇಯರ್' ಆಗಿ ಹಾಕಿದರೆ ಮೂಲ ಫೋಟೊ ಹಾಗೇ ಉಳಿಯುತ್ತದೆ. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲೂ ಹಲವು ಫಿಲ್ಟರ್‌ಗಳನ್ನು ಹೀಗೆ ಆಮೇಲೆ ತಿದ್ದುವ ಸೌಲಭ್ಯ ಬಂದಿದೆ.

ಉಗುರಿನ ಪರೀಕ್ಷೆ

ಹೆಸರು ಹಾಕಿ ಆಯಿತು. ಕೆಂಪು ಬಟ್ಟೆಯ ಮೇಲೆ ತಿಳಿ ಹಳದಿ ಅಕ್ಷರ. ನಮ್ಮ ಬಾವುಟದ ಬಣ್ಣವೂ ಹೌದು, ಕಣ್ಣಿಗೆ ಎದ್ದು ಕಾಣುವ ಜೋಡಿಯೂ ಹೌದು. ಈಗ ಎರಡು ಪರೀಕ್ಷೆ ಮಾಡಿ.

ಮೊದಲನೆಯದು, ಪರದೆಯ ಮೇಲೆ ಚಿತ್ರವನ್ನು 3 ಶೇಕಡಾಕ್ಕೆ ಕುಗ್ಗಿಸಿ. 3000 ಪಿಕ್ಸೆಲ್ ಈಗ 90 ಪಿಕ್ಸೆಲ್. 'ಕಿರುಗೆಜ್ಜೆ' ಓದಲು ಬರುತ್ತದೆಯೇ? ಬಾರದಿದ್ದರೆ ಅಕ್ಷರ ದೊಡ್ಡದು ಮಾಡಿ. ಚೌಕದ ಅಗಲದ ಮುಕ್ಕಾಲು ಭಾಗ ಹೆಸರೇ ತುಂಬಿದರೂ ತಪ್ಪಿಲ್ಲ. ಕೆಳಗಿನ ಸಣ್ಣ ಸಾಲು ಈ ಅಳತೆಯಲ್ಲಿ ಕಾಣುವುದಿಲ್ಲ, ಚಿಂತೆಯಿಲ್ಲ, ಅದು ಹತ್ತಿರ ಬಂದವರಿಗೆ.

ಎರಡನೆಯದು, ಚಿತ್ರವನ್ನು ತಾತ್ಕಾಲಿಕವಾಗಿ ಕಪ್ಪು-ಬಿಳುಪು ಮಾಡಿ. ಬಣ್ಣದಲ್ಲಿ ಬೇರೆಬೇರೆ ಕಾಣುವ ಕೆಂಪು ಮತ್ತು ಹಸಿರು ಕಪ್ಪು-ಬಿಳುಪಿನಲ್ಲಿ ಒಂದೇ ಬೂದು ಆಗಬಹುದು. ಆಗ ಕೆಂಪು-ಹಸಿರು ಬಣ್ಣ ಬೇರ್ಪಡಿಸಿ ನೋಡಲಾಗದವರಿಗೆ ನಿಮ್ಮ ಅಕ್ಷರ ಕಾಣುವುದೇ ಇಲ್ಲ. ಅಕ್ಷರ ಮತ್ತು ಹಿನ್ನೆಲೆಯ ನಡುವೆ ಬೆಳಕಿನ ವ್ಯತ್ಯಾಸ ಬೇಕು. ಹಿನ್ನೆಲೆ ಗಿಜಿಗಿಜಿ ಇದ್ದರೆ ಹೆಸರಿನ ಹಿಂದೆ ಒಂದು ಪದರದಲ್ಲಿ ಮೇಲಿನಿಂದ ಕೆಳಗೆ ಕರಗುವ ಕಪ್ಪು ಛಾಯೆ ಹಾಕಿ. ಅಕ್ಷರದ ಸುತ್ತ ದಪ್ಪ ಬಿಳಿ ಗೆರೆ ಎಳೆಯುವುದಕ್ಕಿಂತ ಅದು ಸೊಗಸು.

ಯಾರ ಹೆಸರು ಎಲ್ಲಿ?

ಪ್ರಾಯೋಜಕರ ಲೋಗೊ, ಫೋನ್ ನಂಬರ್, ವೆಬ್‌ಸೈಟ್, ಬೆಲೆ ಇವು ಮುಂಭಾಗದಲ್ಲಿ ಬೇಡ. ಆನ್‌ಲೈನ್ ಅಂಗಡಿಗಳು ಇಂಥ ಮುಖಪುಟವನ್ನು ಸಾಮಾನ್ಯವಾಗಿ ತಿರಸ್ಕರಿಸುತ್ತವೆ. ಪ್ರಾಯೋಜಕರಿಗೆ ಸಿಡಿಯ ಹಿಂಭಾಗದಲ್ಲಿ ಗೌರವದ ಜಾಗ ಕೊಡಿ.

ಒಳಪುಟದಲ್ಲಿ ಮಾತ್ರ ಯಾರನ್ನೂ ಬಿಡಬೇಡಿ. ರಚನೆ, ರಾಗ ಸಂಯೋಜನೆ, ತಬಲಾ, ಹಾರ್ಮೋನಿಯಂ, ಫೋಟೊ ತೆಗೆದವರು, ಹನ್ನೆರಡು ಮಕ್ಕಳ ಹೆಸರು, ಎಲ್ಲವೂ ಇರಲಿ. ದಾಸರ ಪದಗಳಿಗೆ, ಶಿಶುನಾಳ ಶರೀಫರ ಪದಗಳಿಗೆ ಸಾಹಿತ್ಯದ ಹಕ್ಕುಸ್ವಾಮ್ಯದ ಪ್ರಶ್ನೆ ಇಲ್ಲ. ಆದರೆ ಭಾವಗೀತೆ ಹಾಡುವವರು ಗಮನಿಸಿ. ಭಾರತದ ಕಾನೂನಿನಂತೆ ಕವಿ ತೀರಿಕೊಂಡ ನಂತರ 60 ವರ್ಷ ಹಕ್ಕು ಅವರ ವಾರಸುದಾರರಲ್ಲಿ ಅಥವಾ ಹಕ್ಕು ಪಡೆದವರಲ್ಲಿ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಅಂದರೆ 2041 ಮತ್ತು 2054ರ ಕೊನೆಯವರೆಗೆ ಅನುಮತಿ ಬೇಕು. ಹಳೆಯ ಪದಕ್ಕೂ ಈಗಿನವರು ಹಾಕಿದ ರಾಗವಿದ್ದರೆ ಅವರ ಒಪ್ಪಿಗೆ ಬೇಕೇ ಬೇಕು.

ಕೊನೆಗೆ ಉಳಿಸುವುದು

ಪದರಗಳಿರುವ ಮೂಲ ಕಡತವನ್ನು (ಫೋಟೊಶಾಪ್‌ನಲ್ಲಿ ಪಿಎಸ್‌ಡಿ, ಗಿಂಪ್‌ನಲ್ಲಿ ಎಕ್ಸ್‌ಸಿಎಫ್) ಎರಡು ಕಡೆ ಜೋಪಾನವಾಗಿಡಿ. ಅಂಗಡಿಗೆ ಕಳಿಸಲು ಎಸ್‌ಆರ್‌ಜಿಬಿ ಬಣ್ಣದಲ್ಲಿ, ಹೆಚ್ಚಿನ ಗುಣಮಟ್ಟದ ಜೆಪೆಗ್ ಮಾಡಿ. ಜೆಪೆಗ್ ಅನ್ನೇ ಮತ್ತೆ ಮತ್ತೆ ತೆರೆದು ತಿದ್ದಿ ಉಳಿಸಿದರೆ ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ ಮಸುಕಾಗುತ್ತದೆ, ಆದ್ದರಿಂದ ತಿದ್ದುವುದೇನಿದ್ದರೂ ಮೂಲ ಕಡತದಲ್ಲಿ.

ಸಿಡಿ ಅಚ್ಚಿಗೆ ಬಣ್ಣ ಸಿಎಂವೈಕೆ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ಶಾಯಿಯಿಂದ. ಪರದೆಯಲ್ಲಿ ಮಿಂಚುವ ಕಿತ್ತಳೆ, ಗಿಳಿಹಸಿರು, ಗಾಢ ನೀಲಿ ಕಾಗದದ ಮೇಲೆ ಸಪ್ಪೆಯಾಗುತ್ತವೆ. ಫೋಟೊಶಾಪ್‌ನ ವ್ಯೂ ಮೆನುವಿನಲ್ಲಿ 'ಪ್ರೂಫ್ ಕಲರ್ಸ್' ಒತ್ತಿದರೆ ಅಚ್ಚಿನಲ್ಲಿ ಹೇಗೆ ಕಾಣಬಹುದು ಅಂತ ಮೊದಲೇ ನೋಡಬಹುದು. ಅಚ್ಚಿಗೆ ಕೊಡುವ ಪಿಡಿಎಫ್‌ನಲ್ಲಿ ಅಕ್ಷರಗಳನ್ನೆಲ್ಲ ಆಕಾರವಾಗಿ ಬದಲಾಯಿಸಿ. ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ನಮ್ಮ ಒತ್ತು ನಮ್ಮಲ್ಲೇ ಇರುತ್ತದೆ.

ಇಷ್ಟಕ್ಕೆಲ್ಲ ಎಷ್ಟು ಸಮಯ ಬೇಕು? ಮೊದಲ ಸಲ ಒಂದು ವಾರಾಂತ್ಯ, ಎರಡನೆಯ ಸಲ ಒಂದು ಸಂಜೆ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪದರ, ಮುಸುಕು ಎಲ್ಲ ಅವರಿಗೆ ನಮಗಿಂತ ಬೇಗ ಬರುತ್ತದೆ. ಹೆಸರು ಟೈಪ್ ಮಾಡುವ ಕೆಲಸವನ್ನು ಅವರಿಗೇ ಕೊಡಿ. ಜಕಾರಕ್ಕೆ ಜಕಾರದ ಒತ್ತು ಎಲ್ಲಿಂದ ಬರುತ್ತದೆ ಎಂದು ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ಆ ದಿನದ ಕನ್ನಡ ಪಾಠವೂ ಆಯಿತು, ಏನಂತೀರಿ?

ನೀವು ಮಾಡಿದ ಮುಖಪುಟಗಳನ್ನು ಸಂಪಾದಕರಿಗೆ ಕಳಿಸಿಕೊಡಿ. ಫೋಟೊಶಾಪ್ ಅಥವಾ ಗಿಂಪ್‌ನಲ್ಲಿ ಕನ್ನಡ ಅಕ್ಷರ ಕೈ ಕೊಟ್ಟರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಕೂತು ಬಿಡಿಸೋಣ.